ಬಂಪರ್ ಮಿತಾಕ್ಷರ ಅಥವಾ ಅಲ್ಪಾಘಾತ ಕ್ಲೇಮ್ ನಿರ್ಣಯ

ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲಬುರಗಿ ಸೀಮೆಯ ಮರ್ತೂರಿನವನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕುಳಿತು ಆಸ್ತಿಪಾಲು, ಸಾಲ, ಸಾಕ್ಷಿ, ಗಡಿತಂಟೆ ಎಲ್ಲವನ್ನೂ ಸೋಸಿಟ್ಟ ಈ ಮಹಾನುಭಾವ, ಕಾರಿನ ಹಿಂದಿನ ಬಂಪರ್ ಸೀಳಿದಾಗ ಇನ್ಶೂರೆನ್ಸ್ ಕೇಳಬೇಕೋ ಬಿಡಬೇಕೋ ಎಂಬುದರ ಮೇಲೆ ಒಂದಕ್ಷರವನ್ನೂ ಬರೆಯದೆ ಹೋದ. ಶಾಸ್ತ್ರಲೋಕದ ಈ ಕೊರತೆಯನ್ನು ಆತನ ಸೀಮೆಯವರಾದ ನಾವೇ ತುಂಬಬೇಕು. ಬೆಂಗಳೂರಿನವರಿಗೆ ಬಿಟ್ಟರೆ ಇದಕ್ಕೂ ಒಂದು ಆ್ಯಪ್ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಮೊದಲೇ ಒಂದು ಎಚ್ಚರಿಕೆ. ಯಾರಿಗಾದರೂ ಗಾಯವಾಗಿದ್ದರೆ ಓದುಗರು ಈ ಗ್ರಂಥವನ್ನು ಇಲ್ಲಿಗೇ ಮಡಚಿ, 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಗಾಯಾಳುವನ್ನು ಆಸ್ಪತ್ರೆಗೆ ಒಯ್ದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸತಕ್ಕದ್ದು. ಅಲ್ಲಿ ತರ್ಕಕ್ಕೆ ಜಾಗವಿಲ್ಲ. ನಮ್ಮ ವಿಷಯ ಅಭಿಮಾನಕ್ಕೆ ಮಾತ್ರ ಪೆಟ್ಟಾದ ಅಪಘಾತ.

ಶಾಸ್ತ್ರಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನನ್ನು ಕರೆತರುವುದು ವಾಡಿಕೆ. ನಮ್ಮ ದೇವದತ್ತ ಸೇಡಂ ರೋಡಿನಲ್ಲಿ ಮನೆ ಮಾಡಿದ್ದಾನೆ. ಅವನದು ನಾಲ್ಕು ವರ್ಷ ದಾಟಿದ 1200 ಸಿಸಿ ಕಾರು. ಒಂದು ಭಾನುವಾರ ಕೆಂಪು ಬಾಳೆಹಣ್ಣು ತರಲೆಂದು ಹೆಂಡತಿ ಮಕ್ಕಳೊಂದಿಗೆ ಹುಮನಾಬಾದ್ ರಸ್ತೆ ಹಿಡಿದು, ಕಪನೂರು, ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋದ. ಭೌಗೋಳಿಕ ಮಾನ್ಯತೆ ಪಡೆದ ಹಣ್ಣಾದ್ದರಿಂದ ಅದರ ದರಕ್ಕೂ ಒಂದು ಗತ್ತು. ಹಣ್ಣು ಕೊಂಡಾದ ಮೇಲೂ ಕಿಟಕಿಯಿಂದ ಚೌಕಾಸಿ ಮುಂದುವರಿಸುತ್ತಲೇ ದೇವದತ್ತ ರಿವರ್ಸ್ ಹಾಕಿದ. ಹಿಂದೆ ತೊಗರಿ ಚೀಲ ಹೇರಿಕೊಂಡು ನಿಂತಿತ್ತು ಯಜ್ಞದತ್ತನ ಟ್ರ್ಯಾಕ್ಟರ್ ಟ್ರಾಲಿ. ಟ್ರಾಲಿಯ ಹಿಂದೀಪದ ಗಾಜು ಉದುರಿತು. ಕಾರಿನ ಬಂಪರ್ ಉದ್ದಕ್ಕೆ ಸೀಳಿತು.

ಯಜ್ಞದತ್ತ ಚಹಾದ ಲೋಟ ಕೆಳಗಿಡದೆಯೇ ಪೂರ್ವಪಕ್ಷ ಮಂಡಿಸಿದ: “ಯಾಕ್ರಿ ಸಾಹೇಬ್ರ, ಇಷ್ಟ್ ದೊಡ್ಡ ಟ್ರ್ಯಾಕ್ಟರ್ ಕಾಣಲಿಲ್ಲೇನ್ರಿ?”

“ನಿನ್ನ ಟ್ರಾಲಿಗಿ ರೇಡಿಯಂ ಎಲ್ಲದಪಾ?”

“ಹಾಡಹಗಲಾಗ ರೇಡಿಯಂ ಏನ್ ಮಾಡ್ತದ್ರಿ?”

ಈ ಪ್ರಶ್ನೆಗೆ ಇದುವರೆಗೆ ಯಾವ ಪಂಡಿತನೂ ಉತ್ತರ ಕೊಟ್ಟಿಲ್ಲ.

ಆದರೆ ದೇವದತ್ತನ ಪರವಾಗಿ ಒಂದು ಮಹತ್ತರ ಆಧಾರವುಂಟು. ಮೂಗುದಾಣ ಹರಿದ, ನೊಗ ಮುರಿದ, ಅಥವಾ ಹಿಂದಕ್ಕೆ ಸರಿಯುತ್ತಿದ್ದ ಬಂಡಿಯಿಂದ ಹಾನಿಯಾದರೆ ಒಡೆಯನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯನೇ ಹೇಳಿದ್ದಾನೆ. ಮನುವಂತೂ ಬಂಡಿಯವನಿಗೆ ಇಂಥ ಹತ್ತು ವಿನಾಯಿತಿ ಕೊಡುತ್ತಾನೆ. “ಸರೀರಿ, ಸರೀರಿ” ಎಂದು ಕೂಗಿದ್ದರೂ ಸಾಕು, ದಂಡವಿಲ್ಲ. ಅಂದಮೇಲೆ ರಿವರ್ಸ್ ಗೇರಿನಲ್ಲಿದ್ದ ದೇವದತ್ತ ನಿರ್ದೋಷಿಯಲ್ಲವೆ? ಅಲ್ಲ. ಎತ್ತು ಹಿಂದಕ್ಕೆ ಸರಿಯುವುದು ಎತ್ತಿನ ಇಚ್ಛೆ. ಗೇರು ಹಿಂದಕ್ಕೆ ಬೀಳುವುದು ದೇವದತ್ತನ ಇಚ್ಛೆ. ಕೂಗಿದ್ದನೋ ಎಂದರೆ, ಕೂಗಿದ್ದು ನಿಜ. ಆದರೆ ಆ ಕೂಗು “ಡಜನ್ನಿಗೆ ಹತ್ತು ರೂಪಾಯಿ ಕಡಿಮಿ ಮಾಡು” ಎಂದಿತ್ತು.

ಇನ್ನು ಪ್ರಮಾಣಗಳು. ಲಿಖಿತ, ಭುಕ್ತಿ, ಸಾಕ್ಷಿ, ಈ ಮೂರೂ ಇಲ್ಲವಾದರೆ ದಿವ್ಯವೆಂಬ ದೈವಪರೀಕ್ಷೆ, ಇದು ಸ್ಮೃತಿಯ ಕ್ರಮ. ಲಿಖಿತವೆಂದರೆ ಆರ್‌ಸಿ, ಲೈಸೆನ್ಸ್, ಪಾಲಿಸಿ. ಮೂರೂ ದೇವದತ್ತನ ಮೊಬೈಲಿನಲ್ಲಿವೆ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಭುಕ್ತಿ ಹಿಂದಿನ ಸೀಟಿನಲ್ಲಿ ಮಕ್ಕಳಿಂದ ನಡೆಯುತ್ತಿದೆ. ಸಾಕ್ಷಿಗಳು ಚಹಾದಂಗಡಿಯ ಮುಂದೆ ಹೇರಳವಾಗಿದ್ದರು. “ಪೊಲೀಸ್” ಎಂಬ ಶಬ್ದ ಯಾರ ಬಾಯಿಂದಲೋ ಬಿದ್ದೊಡನೆ ಬೆಂಚುಗಳು ಮಾತ್ರ ಉಳಿದವು. ಹಾಗಾಗಿ ಉಳಿದದ್ದು ದಿವ್ಯ: ತಕ್ಕಡಿ, ಬೆಂಕಿ, ನೀರು, ವಿಷ, ಕೋಶ. ಕ್ಲೇಮ್ ಮಾಡಿದವರಿಗೆ ಈ ಐದೂ ಇಂದಿಗೂ ತಪ್ಪಿದ್ದಲ್ಲ. ತಕ್ಕಡಿ ಎಂದರೆ ಎಸ್ಟಿಮೇಟ್. ಬೆಂಕಿ ಎಂದರೆ ಮೇ ತಿಂಗಳ ಕಲಬುರಗಿಯಲ್ಲಿ ಗ್ಯಾರೇಜಿನ ತಗಡಿನ ಕೆಳಗೆ ಸರ್ವೇಯರನಿಗಾಗಿ ಕಾಯುವುದು. ನೀರು, ವಾಟರ್ ಸರ್ವಿಸ್. ಕೊಳೆ ಹೋದಮೇಲೆ ಇನ್ನೂ ಎರಡು ಹಳೆಯ ಗೀರು ಪ್ರತ್ಯಕ್ಷವಾಗುತ್ತವೆ. ವಿಷ, ಅಲ್ಲಿ ಕೊಡುವ ಚಹಾ. ಕೋಶ ದಿವ್ಯದಲ್ಲಿ ದೇವರ ತೀರ್ಥ ಕುಡಿಸಿ, ಕೇಡು ಬರುತ್ತದೋ ಇಲ್ಲವೋ ಎಂದು ಹದಿನಾಲ್ಕು ದಿನ ಕಾಯಿಸುತ್ತಿದ್ದರು. ಕ್ಲೇಮ್ ಪಾಸಾಗುವುದನ್ನು ಕಾದವರಿಗೆ ವಿವರಣೆ ಬೇಕಿಲ್ಲ. 50,000 ರೂಪಾಯಿಯೊಳಗಿನ ನಷ್ಟಕ್ಕೆ ಲೈಸೆನ್ಸ್ ಪಡೆದ ಸರ್ವೇಯರ್ ಕಡ್ಡಾಯವಲ್ಲ, ಫೋಟೋ ನೋಡಿಯೇ ತೀರಿಸಬಹುದೆಂಬುದು ನಿಜ. ಆಗ ಫೋಟೋ ಸರಿಯಾಗಿ ಬಂದಿಲ್ಲವೆಂಬುದು ಆರನೆಯ ದಿವ್ಯವಾಗುತ್ತದೆ.

ದೇವದತ್ತ ಊರಿಗೆ ಮರಳುವಷ್ಟರಲ್ಲಿ ಎರಡು ಪಂಥಗಳು ಹುಟ್ಟಿಕೊಂಡಿದ್ದವು. ಒಂದು, ಸೋದರಮಾವನ ಪಂಥ. ಇದರ ಮೂಲಸೂತ್ರ ಫೋನಿನಲ್ಲಿ ಬಂತು: “ನಾಕ್ ವರ್ಷ ರೊಕ್ಕಾ ಕಟ್ಟೀದಿ, ಈಗ ಸುಮ್ಮ ಬಿಡ್ತೀ ಏನೋ ತಮ್ಮಾ? ಕ್ಲೇಮ್ ಮಾಡು!” ಪ್ರೀಮಿಯಂ ಎಂಬುದು ಚೀಟಿ ಹಣ, ತನ್ನ ಸರದಿ ಬಂದಾಗ ಎತ್ತಿಕೊಳ್ಳಬೇಕು ಎಂಬುದು ಈ ಪಂಥದವರ ದೃಢ ನಂಬಿಕೆ. ಐದು ವರ್ಷ ಗುದ್ದದೆ ಓಡಿಸಿದವನನ್ನು ಅವರು ಮೋಸಹೋದವನೆಂದೇ ಎಣಿಸುತ್ತಾರೆ.

ಇನ್ನೊಂದು ಮಿಸ್ತ್ರಿಯ ಅನಿರ್ವಚನೀಯವಾದ. ಮಿಸ್ತ್ರಿ ಬಂಪರಿನತ್ತ ಕಣ್ಣು ಹಾಯಿಸುವ ಮೊದಲೇ ಕೇಳಿದ: “ಕ್ಲೇಮೋ ಕ್ಯಾಶೋ?” ಕ್ಲೇಮ್ ಆದರೆ ಈ ಬಂಪರ್ ಸತ್ತಿದೆ, ಹೊಸದೇ ಗತಿ; ಕ್ಯಾಶ್ ಆದರೆ ಇದೇ ಬಂಪರ್ ಕಾಸಿ ಜೋಡಿಸಿದರೆ ಹತ್ತು ವರ್ಷ ಬಾಳುತ್ತದೆ. ಒಂದೇ ವಸ್ತು ಕಾಸು ಕೊಡುವವನು ಯಾರೆಂಬುದರ ಮೇಲೆ ಸತ್ತೂ ಬದುಕಿಯೂ ಇರಬಲ್ಲದೆಂಬ ಈ ಸಿದ್ಧಾಂತವನ್ನು ಶಂಕರರಿಂದ ಹಿಡಿದು ಯಾರೂ ಮುಟ್ಟಿಲ್ಲ.

ನಮ್ಮ ಸಿದ್ಧಾಂತ ಇವೆರಡಕ್ಕೂ ಹೊರಗಿನದು, ಬರಿಯ ಕೂಡು-ಕಳೆ. ಹೊಸ ಬಂಪರಿಗೆ 4,000, ಬಣ್ಣಕ್ಕೆ 3,000, ಕೂಲಿ 1,000, ಒಟ್ಟು 8,000 ಎನ್ನೋಣ, ತೆರಿಗೆ ಬದಿಗಿರಲಿ. ಬಂಪರ್ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗಳಿಗೆ ಶೇ. 50 ಸವಕಳಿ, ಗಾಡಿ ನಿನ್ನೆ ಕೊಂಡದ್ದಾದರೂ ಅಷ್ಟೆ. ಗಾಜಿಗೆ ಮಾತ್ರ ಸವಕಳಿಯಿಲ್ಲ. ಹಾಗಾಗಿ 2,000 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗ ಸಾಮಗ್ರಿಯೆಂದು ಹಿಡಿದು ಅದರರ್ಧ ಕಡಿದರೆ 375 ಹೋಯಿತು. 1500 ಸಿಸಿಯೊಳಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ್ದು 1,000. ಕಂಪನಿಯಿಂದ ಬರುವುದು 4,625.

ಹೋಗುವುದೆಷ್ಟು? ಕ್ಲೇಮ್ ಮಾಡದವನಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ಸೆಂಬ ರಿಯಾಯಿತಿಗೆ ಐದು ಮೆಟ್ಟಿಲು: ಶೇ. 20, 25, 35, 45, 50. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ದೇವದತ್ತ 45ರ ಮೆಟ್ಟಿಲಲ್ಲಿದ್ದಾನೆ. ಈ ವರ್ಷವೂ ಸುಮ್ಮನಿದ್ದರೆ 50. ಕ್ಲೇಮ್ ಮಾಡಿದನೋ, ಸೊನ್ನೆಗೆ ಬಿದ್ದು ಮತ್ತೆ ಹತ್ತಬೇಕು. ಮೊದಲ ವರ್ಷ ಕಳೆದುಕೊಳ್ಳುವುದು 50, ಆಮೇಲೆ 30, 25, 15, 5. ಕೂಡಿದರೆ 125. ಅಂದರೆ ಮೇಲ್ಮೆಟ್ಟಿಲವನ ಒಂದು ಕ್ಲೇಮಿನ ನಿಜವಾದ ಬೆಲೆ ಬೋನಸ್ ಕಳೆಯುವ ಮುಂಚಿನ ಅವನ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು. ಇದನ್ನು ಸಪಾದಸೂತ್ರವೆಂದು ಕರೆಯುತ್ತೇವೆ. ಆ ಪ್ರೀಮಿಯಂ 6,000 ಇದ್ದರೆ 7,500 ಹೋಯಿತು, 4,625 ಬಂತು. ಗಾಡಿಯ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯುತ್ತದೆಂದು ಆಕ್ಷೇಪಿಸುವವರು ಬೇಕಾದರೆ ಕೆಲವು ನೂರು ಕಡಿಮೆ ಮಾಡಿಕೊಳ್ಳಲಿ, ತಕ್ಕಡಿ ತಿರುಗುವುದಿಲ್ಲ. ಸವಕಳಿಯಿಲ್ಲದ ಜೀರೋ ಡೆಪ್ ಪಾಲಿಸಿ ಇದ್ದರೆ 7,000 ಬಂದು ಪೈಪೋಟಿ ಹತ್ತಿರವಾದೀತು. ಬೋನಸ್ ಉಳಿಸಿಕೊಡುವ ಆ್ಯಡ್-ಆನ್ ಕೊಂಡವನ ದಾರಿಯೇ ಬೇರೆ. ಅದನ್ನು ಕೊಂಡದ್ದು ನೆನಪಿದ್ದವನನ್ನು ನಾವಿನ್ನೂ ಕಂಡಿಲ್ಲ.

ಇದರಿಂದ ಒಂದು ಉಪಫಲ. ಹೊಸ ಕಾರಿನವನು ಮೊದಲ ವರ್ಷವೇ ಗುದ್ದಿಕೊಂಡು ಕ್ಲೇಮ್ ಮಾಡಿದರೆ ಕಳೆದುಕೊಳ್ಳುವುದು ಒಟ್ಟು ಶೇ. 50 ಮಾತ್ರ. ಐದು ವರ್ಷ ನೇಮದಿಂದಿದ್ದವನಿಗೆ 125ರ ಶಿಕ್ಷೆ, ಪಡ್ಡೆಹುಡುಗನಿಗೆ 50ರದು. ಪುಣ್ಯ ಹೆಚ್ಚಿದ್ದವನೇ ಹೆಚ್ಚು ಜಾರುತ್ತಾನೆ. ಕಂಪನಿ ನಮ್ಮಿಂದ ಹಣ ಪಡೆದು, ಆ ಹಣ ಕೇಳದಿರಲೆಂದು ಅದರಲ್ಲೇ ಒಂದಷ್ಟು ಮರಳಿಸುತ್ತದೆ. ಮೌನಕ್ಕೆ ಸಂಬಳ ಕೊಡುವ ವೃತ್ತಿ ಹಿಂದೆ ಋಷಿಗಳಿಗೂ ಸಿಕ್ಕಿರಲಿಲ್ಲ. ಹಾಗೆಂದು ವಿಮೆಯೇ ಸುಳ್ಳೆನ್ನುವುದಿಲ್ಲ. ಚಾಸಿ ಬಗ್ಗಿ ಲಕ್ಷದ ಬಿಲ್ಲು ಬಂದ ದಿನ ಸಪಾದಸೂತ್ರ ತಾನಾಗಿ ಬಾಯಿ ಮುಚ್ಚುತ್ತದೆ.

ಪ್ರಸಂಗವಶಾತ್ ಒಂದು ಮಾತು. ಈ ಸವಕಳಿ, ಮೆಟ್ಟಿಲುಗಳ ಮೂಲ 2002ರ ಮೋಟಾರ್ ಟ್ಯಾರಿಫ್; ವಿಮೆಯ ಮೇಲೆ ಕಣ್ಣಿಟ್ಟಿರುವ ಪ್ರಾಧಿಕಾರದ ಕಚೇರಿ ಹೈದರಾಬಾದಿನಲ್ಲಿದೆ. 1948ರಲ್ಲಿ ನಿಜಾಮನ ಹುಕುಂ ನಿಂತಿತೆಂದು ನಮ್ಮ ಹಿರಿಯರು ಸಂಭ್ರಮಪಟ್ಟರು. ಬಂಪರಿನ ಹುಕುಂ ಈಗಲೂ ಅಲ್ಲಿಂದಲೇ.

ಸಿದ್ಧಾಂತ ಕೇಳಿದ ದೇವದತ್ತ ಒಂದು ಜಾಣ ಸಂಶಯ ಎತ್ತಿದ. ಈಗ ಸುಮ್ಮನಿದ್ದು, ಮುಂದೆ ದೊಡ್ಡದೇನಾದರೂ ಆದಾಗ ಇದನ್ನೂ ಅದರಲ್ಲೇ ಸೇರಿಸಿದರೆ? ಇದು ಗ್ಯಾರೇಜುಗಳಲ್ಲಿ ಗುಟ್ಟಾಗಿ ಉಪದೇಶಿಸುವ ತಂತ್ರ. ಆದರೆ ಒಂದು ಅಪಘಾತಕ್ಕೆ ಒಂದು ಕ್ಲೇಮ್, ಒಂದೊಂದಕ್ಕೂ ಬೇರೆ 1,000. ಮೇಲಾಗಿ ಸರ್ವೇಯರ್ ದೇವದತ್ತನಿಗೇ ಸಲ್ಲುವ ಅರ್ಥಾಪತ್ತಿಯನ್ನು ಬಲ್ಲವನು. ಹಗಲು ಉಣ್ಣದವನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದಾಗುತ್ತದೆ. ಮುಂದೆ ಗುದ್ದಿದ ಗಾಡಿಯ ಹಿಂದಿನ ಸೀಳಿನಲ್ಲಿ ಧೂಳು ಕೂತಿದ್ದರೆ ಅದು ಹಳೆಯದೆಂದಾಗುತ್ತದೆ. ಆ ಸುಳ್ಳಿಗೆ ಇಡೀ ಕ್ಲೇಮೇ ಬಿದ್ದುಹೋದೀತು. ದೇವದತ್ತ ಕ್ಯಾಶ್ ಎಂದ. ಬಂಪರ್ ತಕ್ಷಣ ಪುನರ್ಜನ್ಮ ಪಡೆಯಿತು.

ಉಳಿದದ್ದು ಯಜ್ಞದತ್ತನ ಹಿಂದೀಪ. ಕಮಲಾಪುರದಲ್ಲೇ ಅದರ ಇತ್ಯರ್ಥವಾಗಿತ್ತು: ದೀಪಕ್ಕೆ ಬದಲಾಗಿ ಅರ್ಧ ಡಜನ್ ಕೆಂಪು ಬಾಳೆ. ಆದರೆ ಪಾಲಿಸಿಯ ಷರತ್ತುಗಳಲ್ಲಿ ಒಂದು ಮುಳ್ಳಿದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮಾದಾರ ತಪ್ಪೊಪ್ಪಿಕೊಳ್ಳುವುದಾಗಲಿ, ಎದುರಿನವನಿಗೆ ಏನನ್ನಾದರೂ ಕೊಡುವುದಾಗಲಿ, ಕೊಡುತ್ತೇನೆನ್ನುವುದಾಗಲಿ ಕೂಡದು. ಬಾಳೆಹಣ್ಣು ಇಲ್ಲಿ ಪರಿಹಾರವೋ, ತಪ್ಪೊಪ್ಪಿಗೆಯೋ, ಬರಿಯ ಆತಿಥ್ಯವೋ? ಆತಿಥ್ಯವೆಂದರೆ ಷರತ್ತು ಮುರಿದಿಲ್ಲ, ಆದರೆ ದೀಪದ ಬಾಕಿ ಹಾಗೇ ಉಳಿಯಿತು. ಪರಿಹಾರವೆಂದರೆ ಬಾಕಿ ತೀರಿತು, ಷರತ್ತು ಮುರಿಯಿತು. ತಿಂದು ಮುಗಿಸಿದ ಹಣ್ಣಿಗೆ ಹಿಂದಿನ ತಾರೀಖಿನಿಂದ ಒಪ್ಪಿಗೆ ಕೇಳಬಹುದೇ ಎಂದು ದೇವದತ್ತ ಏಜೆಂಟನಿಗೆ ಫೋನ್ ಹಚ್ಚಿ ಕೂತಿದ್ದಾನೆ. ಅತ್ತ ಯಜ್ಞದತ್ತನಿಂದ ಸಂದೇಶ ಬಂದಿದೆ: “ಸಾಹೇಬ್ರ, ದೀಪದ ಹೋಲ್ಡರೂ ಹೋಗ್ಯಾದ್ರಿ. ಇನ್ನೊಂದ್ ಅರ್ಧ ಡಜನ್ ಆಗ್ತದ.”