ಏಕಾದಶ ಗವಾಕ್ಷದ ಅಧಿಕಾರಿಭೇದ: ಲ್ಯಾಮಿಂಗ್ಟನ್ ರೋಡಿನ ವಿಶೇಷ ಉಲ್ಲೇಖದೊಂದಿಗೆ ಒಂದು ತಾತ್ವಿಕ ಅನುಸಂಧಾನ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಅನುಸಂಧಾನದ ವಿಷಯ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 11, ಪಾರಿಭಾಷಿಕವಾಗಿ ಏಕಾದಶ ಗವಾಕ್ಷ. ಪ್ರಯೋಜನ ಯಾರದ್ದೆಂಬುದು ಕಂಪನಿಯ ಲೆಕ್ಕಪತ್ರದಲ್ಲಿ ಸಿಗುತ್ತದೆ. ಸಂಬಂಧವೆಂದರೆ ಇಂಟರ್ನೆಟ್ ಸಂಬಂಧ. ಹೋಮ್ ಆವೃತ್ತಿಗೆ ಅದೂ ಬೇಕು, ಕಂಪನಿಯಲ್ಲಿ ಒಂದು ಖಾತೆಯೂ ಬೇಕು. ಉಳಿದದ್ದು ಅಧಿಕಾರಿ. ಯಾರು ಯೋಗ್ಯ, ಯಾರು ಹೊರಗೆ? ಈ ಪ್ರಬಂಧದ ತಾತ್ವಿಕ ನೆಲೆ, ಸೈದ್ಧಾಂತಿಕ ಚೌಕಟ್ಟು ಎರಡೂ ಅಲ್ಲಿಯೇ ಸ್ಥಿತವಾಗಿವೆ.

ಅಧಿಕಾರಿ ಲಕ್ಷಣ ಹೀಗಿದೆ. 64 ಬಿಟ್‌ನ, ಕನಿಷ್ಠ ಎರಡು ಕೋರಿನ, 1 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್. 4 ಜಿಬಿ ರ‍್ಯಾಮ್. 64 ಜಿಬಿ ಜಾಗ. ಸೆಕ್ಯೂರ್ ಬೂಟ್ ಬಲ್ಲ ಯುಇಎಫ್‌ಐ. ಟಿಪಿಎಂ 2.0 ಎಂಬ ಗುಪ್ತಕೋಶ, ಎಂದರೆ ಕಂಪ್ಯೂಟರಿನ ಬೀಗದ ಕೈಗಳನ್ನು ಬೇರೆಯೇ ಬಚ್ಚಿಡುವ ಪುಟ್ಟ ವ್ಯವಸ್ಥೆ. ಇಷ್ಟೇ ಆಗಿದ್ದರೆ ಹತ್ತು ವರ್ಷದ ಹಳೆಯ ಎಷ್ಟೋ ಲ್ಯಾಪ್‌ಟಾಪ್‌ಗಳು ಪಾಸಾಗುತ್ತಿದ್ದವು. ಆದರೆ ಒಳಗೊಂದು ಪಟ್ಟಿಯಿದೆ. ಇಂಟೆಲ್ ಆದರೆ ಎಂಟನೆಯ ತಲೆಮಾರು, ಎಂದರೆ 2017ರಿಂದ ಈಚಿನದು ಬೇಕು. 4 ಜಿಬಿಯಲ್ಲಿ ಏದುಸಿರು ಬಿಡುವ ಸೆಲೆರಾನ್ ಎನ್4000 ಪಂಕ್ತಿಯಲ್ಲಿ ಕೂರಬಹುದು. 16 ಜಿಬಿ ಹೊತ್ತ ಏಳನೆಯ ತಲೆಮಾರಿನ ಐ7 ಹೊರಗೆ ಜಗಲಿಯಲ್ಲಿ.

ಆದ್ದರಿಂದ ಪ್ರಥಮ ಸೂತ್ರ: ಯೋಗ್ಯತೆ ಬಲದಿಂದಲ್ಲ, ಜನ್ಮದಿಂದ.

ಈ ಸೂತ್ರಕ್ಕೊಂದು ಅಪವಾದವೂ ಉಂಟು. ಕಂಪನಿ ತಾನೇ ಮಾರುತ್ತಿದ್ದ ದುಬಾರಿ ಸರ್ಫೇಸ್ ಸ್ಟುಡಿಯೋ 2 ಯಂತ್ರದೊಳಗೆ ಇದ್ದದ್ದು ಏಳನೆಯ ತಲೆಮಾರಿನ ಐ7-7820ಎಚ್‌ಕ್ಯೂ. 2021ರ ಆಗಸ್ಟಿನಲ್ಲಿ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಾಯಿತು. ಮನೆಮಗನಿಗೆ ಮಡಿಯ ನಿಯಮ ಸ್ವಲ್ಪ ಸಡಿಲ. ಇದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಇಲ್ಲೊಂದು ಐತಿಹಾಸಿಕ ಅವಲೋಕನ ಅನಿವಾರ್ಯ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ನಿಂತ ಟಿಫ್ರ್ಯಾಕ್, ನಮ್ಮವರೇ ಕಟ್ಟಿದ ಯಂತ್ರ, ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು 40 ಬಿಟ್‌ನ 2048 ಪದಗಳನ್ನು. ಇಂದಿನ ಲೆಕ್ಕದಲ್ಲಿ 10 ಕೆಬಿ. ಅಷ್ಟರಲ್ಲೇ ವಿಜ್ಞಾನಿಗಳ ಲೆಕ್ಕ ಸಾಗಿತು. ಏಕಾದಶ ಗವಾಕ್ಷ ಬರಿದೇ ಕಣ್ಣು ಬಿಡಲು ಕೇಳುವುದು ಅದರ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚು. 1995ರ ವಿಂಡೋಸ್ ನಾಲ್ಕೇ ಎಂಬಿಗೆ ತೃಪ್ತವಾಗುತ್ತಿತ್ತು, 2001ರ ಎಕ್ಸ್‌ಪಿಗೆ 64 ಎಂಬಿ ಸಾಕಿತ್ತು. ಹಸಿವು ಬೆಳೆಯುವುದನ್ನು ಒಪ್ಪಬಹುದು. ಆದರೆ ಅವು ಎಲೆ ಎಷ್ಟು ದೊಡ್ಡದು ಎಂದು ಕೇಳಿದವೇ ಹೊರತು ಬಡಿಸುವವನ ಗೋತ್ರ ಕೇಳಲಿಲ್ಲ.

ಹೊಸ ವ್ಯವಸ್ಥೆಯ ಘೋಷಣೆಯಾದದ್ದು 2021ರ ಜೂನ್ 24ರಂದು. ಆಗ ಮುಂಬಯಿಯ ಲೋಕಲ್ ರೈಲು ಸಾಮಾನ್ಯ ಜನಕ್ಕೆ ಬಂದ್ ಆಗಿತ್ತು; ಅರ್ಧ ನಗರ ಮನೆಯ ಹಳೆ ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸುತ್ತಿತ್ತು. ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಹಾಕಿಸಿ 14 ದಿನ ಕಳೆದವರಿಗೆ ರೈಲು ತೆರೆಯಿತು. ಒಂದೇ ಮಳೆಗಾಲದಲ್ಲಿ ಎರಡು ಯೋಗ್ಯತಾ ಪರೀಕ್ಷೆ. ಲಸಿಕೆಗಾದರೆ ಕ್ಯೂ ನಿಂತರೆ ದಾರಿಯಿತ್ತು. ಏಳನೆಯ ತಲೆಮಾರಿನ ಪ್ರೊಸೆಸರ್ ಎಲ್ಲಿ ಕ್ಯೂ ನಿಂತು ಮರುಹುಟ್ಟು ಪಡೆಯಬೇಕು? ಯೋಗ್ಯತೆ ತಿಳಿಸಲೆಂದು ಬಂದ ತಪಾಸಣೆಯ ತಂತ್ರಾಂಶ ಮೊದಮೊದಲು ‘ನಿಮ್ಮದರಲ್ಲಿ ಆಗದು’ ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿತ್ತು. ಕಾರಣ ಹೇಳದ ಹೆಡ್‌ಕ್ಲಾರ್ಕಿನ ಹಾಗೆ. ಜನ ಬೈದ ಮೇಲೆ ಅದನ್ನು ಹಿಂತೆಗೆದು ರಿಪೇರಿ ಮಾಡಿ ತಂದರು.

ಬಳಕೆದಾರ ಪ್ರತಿಕ್ರಿಯಾ ಮೀಮಾಂಸೆ. ಪ್ರತಿಕ್ರಿಯಿಸುವವರನ್ನು ನಾಲ್ಕು ವರ್ಗ, ಇಪ್ಪತ್ತನಾಲ್ಕು ಉಪವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ಆರೂಢರು: ಹೊಸದನ್ನು ಕೊಂಡು ಗಾಡಿ ಹತ್ತಿದವರು. ಇವರ ದೂರು ಒಂದೇ, ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ನಡುವಿಗೆ ಬಂದು ಕೂತಿದೆ. (2012ರ ವಿಂಡೋಸ್ 8ರಲ್ಲಿ ಅದು ಮಾಯವೇ ಆಗಿತ್ತು, ಆ ಗಾಯ ಇನ್ನೂ ಪೂರ್ತಿ ಮಾಗಿಲ್ಲ.) ಎರಡನೆಯವರು ಲಂಬಿತರು. ವಿರಾರ್ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ಎರಡು ಬೆರಳಲ್ಲಿ ನೇತಾಡುವವರಂತೆ, ರಿಜಿಸ್ಟ್ರಿಯಲ್ಲಿ ಒಂದು ಸಾಲು ತಿದ್ದಿ ಅಯೋಗ್ಯ ಯಂತ್ರದಲ್ಲೂ ಹನ್ನೊಂದನ್ನು ಏರಿಸಿದವರು. ಅಂಥದೊಂದು ಸಾಲನ್ನು ಹೇಳಿಕೊಟ್ಟದ್ದು ಕಂಪನಿಯೇ, ಬಿದ್ದರೆ ನಾವು ಹೊಣೆಯಲ್ಲ ಎಂಬ ಎಚ್ಚರಿಕೆಯೊಂದಿಗೆ. ಮೂರನೆಯವರು ಸ್ಥಾವರರು, ಪ್ಲಾಟ್‌ಫಾರ್ಮ್ ಬಿಟ್ಟು ಕದಲದವರು. ನಾಲ್ಕನೆಯವರು ಲಿನಕ್ಸ್ ಮಿಂಟ್ ಎಂಬ ಬೇರೆ ವ್ಯವಸ್ಥೆಯ ಕಡೆ ಹಳಿ ದಾಟಿ ಹೋದವರು, ಅವರ ಪಾರಿಭಾಷಿಕ ಹೆಸರು... ಬೇಡ. ಉಪವರ್ಗಗಳೂ ಬೇಡ. ಪೂರ್ವಪಕ್ಷವನ್ನು ಮಾತ್ರ ಒಪ್ಪಿಬಿಡುವ: ಗುಪ್ತಕೋಶದಿಂದ ಭದ್ರತೆ ಹೆಚ್ಚುತ್ತದೆ, ಅದು ಸುಳ್ಳಲ್ಲ.

ಸುಳ್ಳು ಬೇರೆ ಕಡೆಯಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆರೈಕೆ ಮುಗಿಯಿತು. ಇನ್ನೊಂದು ವರ್ಷದ ಭದ್ರತೆಗೆ 30 ಡಾಲರ್ ಕೊಡಿ, ಇಲ್ಲವೇ 1000 ಬಹುಮಾನ ಅಂಕ ಕೂಡಿಸಿ, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮಲ್ಲಿ ತಂದಿಡಿ ಎಂದರು. 24 ಕೋಟಿ ಯಂತ್ರಗಳು ಹೀಗೆ ಕಸವಾಗಬಹುದೆಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆ ಕ್ಯಾನಲಿಸ್ 2023ರಲ್ಲೇ ಅಂದಾಜಿಸಿತ್ತು. ಕಸ ಎಂದರೆ ಎಲ್ಲಿಗೆ? ಮುಂಬಯಿಯಲ್ಲಾದರೆ ಕುರ್ಲಾ, ಸಾಕಿನಾಕಾದ ಗುಜರಿ ಅಂಗಡಿಗಳಿಗೆ. ಅಲ್ಲಿ ಕೈಗವಸಿಲ್ಲದ ಹುಡುಗರು ಬೋರ್ಡ್ ಒಡೆದು ತಾಮ್ರ ಹೆಕ್ಕುತ್ತಾರೆ. ಅವರ ಕೈಗೆ ಯಾವ ಟಿಪಿಎಂ? ಓಡುತ್ತಿರುವ ಯಂತ್ರವನ್ನು ಕಸವೆಂದು ಕರೆಯಲು ಸಿಯಾಟಲ್ ಪಕ್ಕದ ಊರಲ್ಲಿ ಕೂತವರಿಗೆ ಒಂದು ತಾರೀಕು ಸಾಕಾಯಿತು. ಇದಕ್ಕೆ ತಾತ್ವಿಕ ನೆಲೆಯೂ ಇಲ್ಲ, ಮಣ್ಣೂ ಇಲ್ಲ.

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಯಂತ್ರ 2014ರದ್ದು, ನಾಲ್ಕನೆಯ ತಲೆಮಾರಿನ ಐ3. ಊರಿನವರ ಸಂಘದ ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಗಳು, ಎಲ್ಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಅದರೊಳಗಿವೆ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕುಕ್ಕರು ಒಂದು ವಿಸಿಲ್ ಹೊಡೆಯುವುದರೊಳಗೆ ಅದು ಏಳುತ್ತದೆ.

“ಪಪ್ಪ, ಇದು ಮುಗೀತು, ಹೊಸದು ತಗೊಳ್ಳಿ,” ಎಂದ ಮಗ.

“ಇದಕ್ಕೆಂತ ಆಗಿದೆ ಮಾರಾಯ?”

ಕ್ಯಾಬಿನೆಟ್ಟನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಅವರು ಕಂಪ್ಯೂಟರ್ ಅಂಗಡಿಗಳ ಸಾಲಾದ ಲ್ಯಾಮಿಂಗ್ಟನ್ ರೋಡಿಗೆ ಹೋದರು. ಅಂಗಡಿಯ ಹುಡುಗ ಮುಚ್ಚಳ ಬಿಚ್ಚಿ, ಫ್ಯಾನಿನ ಧೂಳು ಊದಿ ಹೇಳಿದ: “ಅಂಕಲ್, ಬೋರ್ಡ್ ಬದಲ್ನಾ ಪಡೇಗಾ. ಬೋರ್ಡ್ ಕೆ ಸಾಥ್ ಪ್ರೊಸೆಸರ್, ಪ್ರೊಸೆಸರ್ ಕೆ ಸಾಥ್ ರ‍್ಯಾಮ್.” ಉಳಿಯುವುದು ಏನೆಂದು ಕೇಳಿದ್ದಕ್ಕೆ ತಗಡಿನ ಡಬ್ಬಿಯನ್ನು ಬೆರಳಿನಿಂದ ತಟ್ಟಿ ತೋರಿಸಿದ. ಧೂಳು ಊದಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ದಾದರಿನಲ್ಲಿ ಗಾಡಿ ಬದಲಿಸಿ, ಲಗೇಜ್ ಡಬ್ಬಿಯಲ್ಲಿ ಖಾಲಿ ಮೀನಿನ ಬುಟ್ಟಿಗಳ ನಡುವೆ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ಮರಳಿದರು. ರಾತ್ರಿ ಊಟವಾದ ಮೇಲೆ ತಂತಿಗಳನ್ನು ಸಿಕ್ಕಿಸಿದರು. ಕುಕ್ಕರಿನ ಒಂದು ವಿಸಿಲ್. ಪರದೆ ತುಂಬ ಸೂಚನೆ ಬಂತು, ‘ನಂತರ ನೆನಪಿಸಿ’ ಎಂಬಲ್ಲಿ ಒತ್ತಿದರು. ಸದಸ್ಯರ ಪಟ್ಟಿ ತೆರೆದು, ಹೋದ ತಿಂಗಳು ತೀರಿಕೊಂಡ ಇಬ್ಬರ ಹೆಸರಿನ ಮುಂದೆ ನಕ್ಷತ್ರ ಹಾಕಿ, ಸೇವ್ ಮಾಡಿದರು.