ಮಳೆಗಾಲದಲ್ಲಿ ಕ್ಲಸ್ಟರ್ ನೋಡಿಕೊಳ್ಳುವವರಿಗೆ ಕೈಪಿಡಿ

ಬೆಂಗಳೂರಿನಲ್ಲಿರುವ ಸರ್ವರ್‌ಗಳನ್ನು ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಯಲ್ಲಿ ಕೂತು ನೋಡಿಕೊಳ್ಳುವವರಿಗಾಗಿ ಈ ಕೈಪಿಡಿ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು, ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಆಮೇಲೆ ಕಾಫಿಗೆ ರೇಟು ಬಂತೆಂದು ವಾಪಸು ಹೋಗದೆ ಉಳಿದವರು ಮುಂದೆ ಓದಬಹುದು. ಉದಾಹರಣೆಗಳೆಲ್ಲ ಸ್ಲರ್ಮ್ ತಂತ್ರಾಂಶದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲೂ ಕೆಲಸ ಹಂಚುವುದು ಇದೇ ಸ್ಲರ್ಮ್. ಹಾಗಾಗಿ ನಿಮ್ಮ ಹದಿನಾರು ಯಂತ್ರಗಳ ಕ್ಲಸ್ಟರ್ ಮುಗ್ಗರಿಸಿದರೆ ತಂತ್ರಾಂಶವನ್ನು ಬೈಯುವಂತಿಲ್ಲ.

ಬೇಕಾಗುವ ಸಾಮಾನು

ಬೇರೆ ಬೇರೆ ಕಂಪನಿಯ ಎರಡು ಸಿಮ್, ಒಂದು ಯುಪಿಎಸ್, ಟಿಮಕ್ಸ್. ಮೂರನೆಯದಕ್ಕೆ ದುಡ್ಡಿಲ್ಲ, ಆದರೂ ಹೆಚ್ಚಿನವರು ಮರೆಯುವುದು ಅದನ್ನೇ. ಲಾಗಿನ್ ಆದ ಕೂಡಲೇ ಸರ್ವರ್‌ನಲ್ಲಿ ಟಿಮಕ್ಸ್ ತೆರೆದು ಅದರೊಳಗೆ ಕೆಲಸ ಮಾಡಿ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟು ಹೋದರೂ, ನೀವು ಅರ್ಧಕ್ಕೆ ಬಿಟ್ಟ ಕೆಲಸ ಬೆಂಗಳೂರಿನಲ್ಲಿ ಹಾಗೇ ನಡೆಯುತ್ತಿರುತ್ತದೆ. ಕೊಂಬೆ ಯಾವಾಗ ಬೀಳುತ್ತದೆಂದು ತಿಳಿಯಲು ಯಾವ ಕಮಾಂಡೂ ಇಲ್ಲ.

ನೋಡ್‌ಗಳನ್ನು ಬರೆಯುವುದು

ಒಂದು ಯಂತ್ರ ಎಂದರೆ ಒಂದು ನೋಡ್. ಸ್ಲರ್ಮ್ ಡಾಟ್ ಕಾನ್ಫ್ ಕಡತದಲ್ಲಿ ಅದರ ಹೆಸರು, ಸಿಪಿಯು ಎಷ್ಟು, ಮೆಮೊರಿ ಎಷ್ಟು ಎಂದು ಬರೆಯಬೇಕು. ಹೆಸರಿಗೆ ಮುಳ್ಳಯ್ಯನಗಿರಿ, ಕುದುರೆಮುಖ, ಮೇರುತಿ ಎಂದೆಲ್ಲ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಇಡಬೇಡಿ. ಎನ್01ರಿಂದ ಎನ್16 ಎಂದಿಟ್ಟರೆ ಹದಿನಾರನ್ನೂ ಆವರಣ ಹಾಕಿ ಒಂದೇ ಸಾಲಿನಲ್ಲಿ ಬರೆಯಬಹುದು. ಗಿರಿಶಿಖರಗಳಾದರೆ ಹದಿನಾರು ಹೆಸರನ್ನೂ ಬಿಡಿಬಿಡಿಯಾಗಿ ಬರೆಯಬೇಕು, ಮೇಲಾಗಿ ಕಾಗುಣಿತದ ಜಗಳ.

ಮೆಮೊರಿ ಬರೆಯುವಾಗ ಬಿಲ್ ನೋಡಬೇಡಿ. ಬಿಲ್‌ನಲ್ಲಿ 64 ಜಿಬಿ ಎಂದಿದೆಯೆಂದು 65536 ಎಂಬಿ ಬರೆದಿರೋ, ಆ ನೋಡ್ ಎದ್ದು ತನ್ನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯಿದೆ ಎಂದು ಸತ್ಯ ಹೇಳುತ್ತದೆ. ಸ್ಲರ್ಮ್ ತಕ್ಷಣ 'ಲೋ ರಿಯಲ್‌ಮೆಮೊರಿ' ಎಂಬ ಷರಾ ಬರೆದು ಅದನ್ನು ಪಕ್ಕಕ್ಕೆ ಕೂರಿಸುತ್ತದೆ. ಆ ಯಂತ್ರದಲ್ಲೇ ಸ್ಲರ್ಮ್‌ಡಿ ಹೈಫನ್ ಕ್ಯಾಪಿಟಲ್ ಸಿ ಎಂದು ಹೊಡೆದರೆ ಇರುವುದು ಎಷ್ಟೆಂದು ಅದೇ ತಿಳಿಸುತ್ತದೆ. ಅದಕ್ಕಿಂತ ಚೂರು ಕಡಿಮೆ ಬರೆಯಿರಿ.

ಕಡತವನ್ನು ಒಂದು ಯಂತ್ರದಲ್ಲಿ ತಿದ್ದಿ ಉಳಿದವುಗಳಲ್ಲಿ ಹಳೆಯದನ್ನೇ ಬಿಟ್ಟರೆ ಕಂಟ್ರೋಲರ್ ತನ್ನ ಲಾಗ್‌ನಲ್ಲಿ ಗೊಣಗುತ್ತದೆ. ಯಂತ್ರಗಳ ಗಡಿಯಾರಗಳೂ ಒಂದಕ್ಕೊಂದು ತಾಳೆಯಾಗಬೇಕು. ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಗುರುತು ಪರೀಕ್ಷಿಸುವ ಮಂಜ್ ಎಂಬ ದ್ವಾರಪಾಲಕ ಯಾರನ್ನೂ ಒಳಗೆ ಬಿಡುವುದಿಲ್ಲ.

ಗುಂಪು ಕಟ್ಟುವುದು

ನೋಡ್‌ಗಳ ಗುಂಪಿಗೆ ಸ್ಲರ್ಮ್‌ನಲ್ಲಿ ಪಾರ್ಟಿಶನ್ ಎನ್ನುತ್ತಾರೆ. ಒಂದೇ ನೋಡ್ ಎರಡು ಮೂರು ಪಾರ್ಟಿಶನ್‌ಗಳಲ್ಲಿ ಇರಬಹುದು, ಆದ್ದರಿಂದ ಪಾಲು ಪಂಚಾಯ್ತಿ ಬೇಕಿಲ್ಲ. ಆದರೂ ನಡೆಯುತ್ತದೆ. ಒಬ್ಬೊಬ್ಬ ಪ್ರೊಫೆಸರೂ ತನ್ನ ಗ್ರಾಂಟಿನಿಂದ ಬಂದ ಯಂತ್ರಕ್ಕೆ ತನ್ನದೇ ಪಾರ್ಟಿಶನ್ ಕೇಳುತ್ತಾರೆ. ಕೇಳಿದವರಿಗೆಲ್ಲ ಕೊಟ್ಟ ಮೇಲೆ ಅರ್ಧ ಯಂತ್ರಗಳು ಖಾಲಿ ಕೂತಿರುತ್ತವೆ, ಉಳಿದರ್ಧಕ್ಕೆ ಉದ್ದ ಸಾಲು. ನನ್ನ ಅಭಿಪ್ರಾಯದಲ್ಲಿ ಮೂರು ಸಾಕು: ಸಣ್ಣ ಕೆಲಸಕ್ಕೊಂದು, ದೀರ್ಘ ಕೆಲಸಕ್ಕೊಂದು, ಜಿಪಿಯುಗೊಂದು. ಯಾರ ದುಡ್ಡು ಎನ್ನುವುದನ್ನು ಆದ್ಯತೆಯ ಅಂಕಿಯಲ್ಲಿ ತೋರಿಸಿ, ಬೇಲಿ ಹಾಕಿ ತೋರಿಸಬೇಡಿ.

ಪ್ರತಿ ಪಾರ್ಟಿಶನ್‌ಗೂ ಮ್ಯಾಕ್ಸ್‌ಟೈಮ್ ಬರೆಯಲೇಬೇಕು. ಬರೆಯದಿದ್ದರೆ ಮಿತಿಯೇ ಇಲ್ಲ ಎಂದರ್ಥ. ಲೂಪ್‌ನಿಂದ ಹೊರಬರಲು ಗೊತ್ತಿಲ್ಲದ ಯಾವನೋ ವಿದ್ಯಾರ್ಥಿಯ ಪ್ರೋಗ್ರಾಂ ಅರೇಬಿಕಾ ಕೊಯ್ಲಿಗೆ ಶುರುವಾಗಿ ರೊಬಸ್ಟಾ ಕೊಯ್ಲು ಮುಗಿದರೂ ಓಡುತ್ತಿರುತ್ತದೆ. ವೆಯ್ಟ್ ಎಂಬ ಅಂಕಿಯೂ ಇದೆ. ಕಡಿಮೆ ವೆಯ್ಟ್‌ನ ನೋಡ್‌ಗೆ ಮೊದಲು ಕೆಲಸ ಹೋಗುತ್ತದೆ. ದುಬಾರಿ ಯಂತ್ರಕ್ಕೆ ಹೆಚ್ಚು ವೆಯ್ಟ್ ಕೊಟ್ಟರೆ ಚಿಲ್ಲರೆ ಕೆಲಸಗಳು ಅದರ ತಂಟೆಗೆ ಹೋಗುವುದು ಕಡಿಮೆಯಾಗುತ್ತದೆ.

ಉತ್ತರ ಬಾರದ ನೋಡ್

ಡೀಫಾಲ್ಟ್ ಹೊಂದಾಣಿಕೆಯಲ್ಲಿ, 300 ಸೆಕೆಂಡು ಮಾತಾಡದ ನೋಡ್ ಅನ್ನು ಸ್ಲರ್ಮ್ 'ಡೌನ್' ಎಂದು ಘೋಷಿಸುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದಾಗ ಹೊರನಾಡಿನವರಿಗೆ ಆ ದಾರಿಯಲ್ಲಿ ಕಳಸಕ್ಕೆ ಬರಲಾಗುವುದಿಲ್ಲ. ಹಾಗೆಂದು ಯಾರೂ ಅವರ ಹೆಸರನ್ನು ರೇಷನ್ ಕಾರ್ಡಿನಿಂದ ಹೊಡೆಯುವುದಿಲ್ಲ. ಸ್ಲರ್ಮ್‌ಗೆ ಅಷ್ಟು ತಾಳ್ಮೆಯಿಲ್ಲ. ನೀರಿಳಿದು ನೋಡ್ ಮತ್ತೆ ಮಾತಾಡಿದರೂ, ರಿಟರ್ನ್‌ಟುಸರ್ವಿಸ್ ಸೊನ್ನೆಯಿದ್ದರೆ ನೀವು ಕೈಯಾರೆ ಕರೆಯುವವರೆಗೆ ಅದು ಹೊರಗೇ. ಒಂದು ಎಂದು ಬರೆದರೆ, ಬರೀ ಮಾತು ನಿಂತು ಡೌನ್ ಆದದ್ದು ತಾನೇ ಬರುತ್ತದೆ. ಎರಡು ಎಂದರೆ ಯಾವ ಕಾರಣಕ್ಕೆ ಹೋಗಿದ್ದರೂ ವಾಪಸು ಬರುತ್ತದೆ. ಒಂದನ್ನೇ ಇಡಿ. ಎರಡು ಇಟ್ಟವರಿಗೆ ಆಷಾಢದ ರಾತ್ರಿ ನಿದ್ದೆಯಿಲ್ಲ.

ಹಾಗೇ ಇನ್ನೊಂದು: ಹದಿನಾರೂ ನೋಡ್ ಒಟ್ಟಿಗೆ ಸತ್ತಂತೆ ಕಂಡರೆ ಮೊದಲು ಮನೆಯ ರೂಟರ್ ನೋಡಿ. ಸತ್ತಿರುವುದು ಬಹುಪಾಲು ಅದೇ.

ನೋಡ್ ಅನ್ನು ರಿಪೇರಿಗೆ ಬಿಡಿಸುವುದು

ಓಡುತ್ತಿರುವ ಕೆಲಸ ಮುಗಿಯಲಿ, ಹೊಸದು ಬರದಿರಲಿ ಎಂದರೆ ಎಸ್‌ಕಂಟ್ರೋಲ್‌ನಿಂದ ಅದರ ಸ್ಥಿತಿಯನ್ನು 'ಡ್ರೇನ್' ಎಂದು ಬದಲಿಸಿ. ಸ್ಲರ್ಮ್ ಕಾರಣ ಕೇಳುತ್ತದೆ, ಕೊಡದಿದ್ದರೆ ಒಪ್ಪುವುದಿಲ್ಲ. ಆದರೆ ಏನು ಬರೆದರೂ ಒಪ್ಪುತ್ತದೆ. 'ಟೆಸ್ಟ್', 'ಆಮೇಲೆ ನೋಡೋಣ', ಬರೀ ಒಂದು ಚುಕ್ಕೆ, ಎಲ್ಲವೂ ನಡೆಯುತ್ತದೆ. ಎಸ್‌ಇನ್ಫೊ ಹೈಫನ್ ಕ್ಯಾಪಿಟಲ್ ಆರ್ ಹೊಡೆದರೆ ಆ ಕಾರಣದ ಪಕ್ಕದಲ್ಲಿ ಬಿಡಿಸಿದವರ ಹೆಸರು, ದಿನ, ಗಂಟೆ ತಾನಾಗಿ ಬರುತ್ತದೆ. ಹಾಗಾಗಿ ನೀವು ಬರೆಯಬೇಕಾದ್ದು ಒಂದೇ: ಯಂತ್ರಕ್ಕೆ ಏನಾಗಿದೆ. ಮಳೆ ಹೊಯ್ಯುವಾಗ ನಿಮ್ಮ ಫೋನ್ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತವನಿಗೆ ಸಿಗುವುದು ಆ ಒಂದು ಸಾಲು ಮಾತ್ರ. ದಯವಿಟ್ಟು ಪೂರ್ತಿ ಬರೆಯಿರಿ.