ರಾಯರ ನಲವತ್ತೊಂದನೇ ಪ್ಯಾರಾ

ನಮ್ಮ ಬೀದಿಯ ರಾಯರು ಸೊಪ್ಪು ಕೊಳ್ಳುವುದನ್ನು ನೋಡಬೇಕು. ದಂಟಿನ ಕಟ್ಟು ಎತ್ತಿ, ತಿರುಗಿಸಿ, ಬಾಳೆನಾರು ಬಿಚ್ಚಿಸಿ, ಒಳಗೆ ಹುಲ್ಲು ಸೇರಿದೆಯೇ ಎಂದು ಕಡ್ಡಿ ಕಡ್ಡಿಯಾಗಿ ಪರಿಶೀಲಿಸಿ, ಮತ್ತೆ ಕಟ್ಟಿಸಿ, ಕೊನೆಗೆ ಪಕ್ಕದ ಕಟ್ಟನ್ನು ಕೊಳ್ಳುತ್ತಾರೆ. ಮೂವತ್ತೈದು ವರ್ಷ ಲೆಕ್ಕಪರಿಶೋಧನೆಯಲ್ಲಿ ಸವೆದ ಜೀವ. ಪಂಚಾಯ್ತಿಯಿಂದ ಪಂಚಾಯ್ತಿಗೆ ಸುತ್ತಿ, ಹನ್ನೆರಡು ರೂಪಾಯಿ ಪೊರಕೆಗೆ ವೋಚರ್ ಎಲ್ಲಿ ಎಂದು ಕೇಳಿ, ಕೇಳಿದ್ದನ್ನು ಪ್ಯಾರಾ ಮಾಡಿ ಬರೆದು ಬಂದವರು. ನಿವೃತ್ತಿಯಾದ ಮೇಲೆ ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ಒಂದು ಕಾದಂಬರಿ ಬರೆದರು. ಹೆಸರು ‘ಆಖೈರು ಶಿಲ್ಕು’. ಒಬ್ಬ ಶಿರಸ್ತೇದಾರರ ಸಂಸಾರದ ಕಥೆ, 1974ರಿಂದ ಶುರು.

ಇಂಥ ರಾಯರು ಈಗ ಬೀದಿಗೊಬ್ಬರಿದ್ದಾರೆ. ಪಿಂಚಣಿ ಬರುತ್ತದೆ, ಮಗ ಅಮೆರಿಕದಲ್ಲಿರುತ್ತಾನೆ, ಮಂಡಿ ನೋಯುತ್ತದೆ, ಪೆನ್ ಡ್ರೈವಿನಲ್ಲಿ ಕಾದಂಬರಿ ಇರುತ್ತದೆ.

ಅಚ್ಚು ಹಾಕಿಸುವ ಯೋಚನೆ ಅವರಿಗೆ ಇರಲಿಲ್ಲ. ಹಿಂದಿನ ಬೀದಿಯ ಪ್ರಿನ್ಸಿಪಾಲರೊಬ್ಬರು ಸ್ವಂತ ಖರ್ಚಿನಲ್ಲಿ ಸಾವಿರ ಪ್ರತಿ ಹಾಕಿಸಿ, ಲೈಬ್ರರಿ ಆರ್ಡರಿಗೆ ಕಾದೂ ಕಾದೂ, ಈಗ ಎಂಟುನೂರು ಪ್ರತಿಗಳ ಮೇಲೆ ಹಾಸಿಗೆ ಹಾಸಿ ಮಲಗುತ್ತಾರೆ ಎಂಬುದು ರಾಯರ ಅಂಬೋಣ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು, ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟರು. “ನನಗೆ ಬೆನ್ನೂ ಇಲ್ಲ, ಪುತ್ತೂರೂ ಇಲ್ಲ,” ಎಂದು ರಾಯರು ಇ-ಪುಸ್ತಕಕ್ಕೆ ಇಳಿದರು. ನಾನು ಪ್ರೂಫ್ ತಿದ್ದಿ ಬದುಕುವವನು, ಮನೆಯಲ್ಲಿ ಕಂಪ್ಯೂಟರ್ ಇದೆ, ಸಾಲದ್ದಕ್ಕೆ ಎದುರುಮನೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮೊದಲು ದೊಡ್ಡ ಅಂಗಡಿಗಳ ತಪಾಸಣೆ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ ಎಂದು ತಿಳಿದ ದಿನ ರಾಯರು ಮಧ್ಯಾಹ್ನದ ನಿದ್ದೆ ಮಾಡಲಿಲ್ಲ. “ಗಂಭೀರ ಲೋಪ” ಎಂದು ಬರೆದುಕೊಂಡರು. ಗೂಗಲ್ ಪ್ಲೇ ಕನ್ನಡ ಪುಸ್ತಕ ತೆಗೆದುಕೊಳ್ಳುತ್ತದೆ ಎಂದೆ. ಅಲ್ಲಿ ಮಾತಾಡಲು ಯಾರು ಸಿಗುತ್ತಾರೆ, ಟೇಬಲ್ ಎಲ್ಲಿದೆ ಎಂದು ಕೇಳಿದರು. ಪ್ರತಿಲಿಪಿಯಲ್ಲಿ ಕಂತು ಕಂತಾಗಿ ಹಾಕಿ, ಓದುಗರು ಅಲ್ಲೇ ಸಿಗುತ್ತಾರೆ ಎಂದೆ. ಅಲ್ಲಿ ಪುಕ್ಕಟೆ ಓದಬಹುದು ಎಂದ ಕೂಡಲೇ ಅವರ ಮುಖ ಹುಳ್ಳಗಾಯಿತು. ಪುಕ್ಕಟೆ ವ್ಯವಹಾರಕ್ಕೆ ವೋಚರ್ ಇರುವುದಿಲ್ಲವಲ್ಲ.

ಕೊನೆಗೆ ಬೆಂಗಳೂರಿನ ಇಬ್ಬರು ಹುಡುಗರು ನಡೆಸುವ ಸಣ್ಣ ಇ-ಪ್ರಕಾಶನವೊಂದಕ್ಕೆ ರಾಯರು ನಲವತ್ತು ಪ್ಯಾರಾಗಳ ಪ್ರಶ್ನಾವಳಿ ಕಳಿಸಿದರು. ಹಾಳೆಯನ್ನು ಉದ್ದಕ್ಕೆ ಮಡಿಚಿ ಅರ್ಧ ಮಾರ್ಜಿನ್ ಬಿಟ್ಟು ಕೈಯಲ್ಲೇ ಬರೆದು, ನನ್ನಿಂದ ಸ್ಕ್ಯಾನ್ ಮಾಡಿಸಿದ್ದು. ಎಷ್ಟು ಪ್ರತಿ ಮಾರಿದೆ ಎಂಬುದನ್ನು ಲೇಖಕ ಯಾವ ದಾಖಲೆಯಿಂದ ತಾಳೆ ನೋಡಬೇಕು? ಪುಸ್ತಕ ಕೊಂಡವನು ಮೊಬೈಲ್ ಕಳೆದುಕೊಂಡರೆ ಪ್ರತಿ ಯಾರ ಖಾತೆಯಲ್ಲಿ ಉಳಿಯುತ್ತದೆ? ನೀವು ಅಂಗಡಿ ಮುಚ್ಚಿದರೆ ನನ್ನ ಶಿರಸ್ತೇದಾರರ ಗತಿ ಏನು? ನಿಜ ಹೇಳಬೇಕೆಂದರೆ ನಲವತ್ತರಲ್ಲಿ ಮೂವತ್ತಾದರೂ ಪ್ರತಿ ಲೇಖಕನೂ ಕೇಳಲೇಬೇಕಾದ ಪ್ರಶ್ನೆಗಳು. ಹುಡುಗರು ನಲವತ್ತಕ್ಕೂ ಉತ್ತರ ಬರೆದರು. ಕೊನೆಗೆ ಒಂದು ಸಾಲು: ಮೊದಲು ಹಸ್ತಪ್ರತಿ ಓದುತ್ತೇವೆ, ಮೂರು ವಾರ ಬೇಕು, ಹಿಡಿಸದಿದ್ದರೆ ಇಲ್ಲ ಎನ್ನುತ್ತೇವೆ, ನಿಮ್ಮಿಂದ ಹಣ ಬೇಡ.

ರಾಯರು ಕನ್ನಡಕ ತೆಗೆದರು. “ಹಣ ಬೇಡ ಅಂತಾನೆ, ಇಲ್ಲ ಅಂತ ಹೇಳ್ತೀನಿ ಅಂತಾನೆ. ಏನೋ ಇದೆ ಇದರಲ್ಲಿ.”

ಅದೇ ವಾರ ಇನ್ನೊಂದು ಕಡೆಯಿಂದ ಫೋನು ಬಂತು. ಯಾವ ಊರಿನದೋ, ಹೆಣ್ಣು ದನಿ, ಜೇನು. ‘ಸರ್’ ಎನ್ನುವುದನ್ನು ಮಾತಿಗೆ ಎರಡು ಸಲ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೂರು ಪ್ಯಾಕೇಜು. ಪ್ಲಾಟಿನಂಗೆ 24,999 ರೂಪಾಯಿ, ಅದರಲ್ಲಿ ಪ್ರಶಸ್ತಿ ಫಲಕವೂ ಸೇರಿದೆ. ಐಎಸ್‌ಬಿಎನ್‌ಗೆ 3,500 ಬೇರೆ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಐಎಸ್‌ಬಿಎನ್ ಅನ್ನು ಉಚಿತವಾಗಿ ಕೊಡುತ್ತದೆ. ಪೊರಕೆಗೆ ವೋಚರ್ ಕೇಳಿದ ಮಹಾನುಭಾವರು ಇದೊಂದನ್ನು ಕೇಳಲಿಲ್ಲ. ನಲವತ್ತು ಪ್ಯಾರಾಗಳಲ್ಲಿ ಒಂದನ್ನೂ ಆ ಕಡೆಗೆ ಕಳಿಸಲಿಲ್ಲ. ಐದು ಸಾವಿರ ಬುಕಿಂಗ್ ಹಣ ಕಳಿಸಿ, ನನ್ನ ಮನೆಗೆ ಬಂದು ಒಪ್ಪಂದ ತೋರಿಸಿದರು.

ವಿಶ್ವಾದ್ಯಂತ, ಶಾಶ್ವತವಾಗಿ, ಸಿನಿಮಾ, ಧಾರಾವಾಹಿ, ಆಡಿಯೋ ಸೇರಿ ಸಕಲ ಹಕ್ಕೂ ಅವರದೇ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕನ ಮೇಲೆ ಸ್ವಲ್ಪ ಕರುಣೆ ಇಟ್ಟಿದೆ: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಪತ್ರ ಸುಮ್ಮನಿದ್ದರೆ ಕಾನೂನು ನಮ್ಮ ಕಡೆ ಮಾತಾಡುತ್ತದೆ. ಆದರೆ ಇವರು ಸುಮ್ಮನಿರುವ ಪೈಕಿ ಅಲ್ಲ.

“ರಾಯರೇ, ಹಕ್ಕು ನಿಮ್ಮ ಕಾಲಾನಂತರವೂ 60 ವರ್ಷ ಇರುತ್ತೆ. ಮೊಮ್ಮಕ್ಕಳದ್ದನ್ನೂ ಸೇರಿಸಿ ಬರೆದುಕೊಡ್ತಿದ್ದೀರಿ.”

“ಇರಲಿ ಬಿಡ್ರಿ. ಕಾದಂಬರಿ ಓದಿ ಏನು ಬರೆದಿದ್ದಾರೆ ನೋಡಿ ಮೊದಲು.”

ನೋಡಿದೆ. ಕಳಿಸಿದ ಎರಡೇ ಗಂಟೆಯಲ್ಲಿ ಉತ್ತರ ಬಂದಿತ್ತು. ಭಾಷೆ ಕಾವೇರಿಯಂತೆ ಹರಿದಿದೆ, ಪಾತ್ರಗಳು ಕಣ್ಮುಂದೆ ಓಡಾಡುತ್ತವೆ, ನಮ್ಮ ಸಂಪಾದಕ ಮಂಡಳಿ ಕಣ್ಣೀರಿಟ್ಟಿತು. ಯಾವ ಪ್ರತಿ ಕಳಿಸಿದ್ದರೆಂದು ಕುತೂಹಲವಾಗಿ, ಲಗತ್ತಿಸಿದ್ದ ಪಿಡಿಎಫ್ ತೆರೆದೆ.

ಇಲ್ಲಿ ಒಂದು ಮಾತು ಹೇಳಬೇಕು. ರಾಯರು ಕಾದಂಬರಿ ಟೈಪ್ ಮಾಡಿದ್ದು ಹಳೆಯ ‘ನುಡಿ’ ತಂತ್ರಾಂಶದಲ್ಲಿ, ಅದಕ್ಕೆ ಯೂನಿಕೋಡ್ ಬರುವ ಮುಂಚಿನ ಮಾದರಿಯದು. ಆ ಫಾಂಟ್ ಇಲ್ಲದ ನನ್ನ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಸಿಕ್ಕಿಸಿ, ನಾನು ಸ್ನಾನಕ್ಕೆ ಹೋಗಿದ್ದಾಗ ತಾವೇ ಪಿಡಿಎಫ್ ಮಾಡಿದ್ದರು. ಹಾಗೆ ಮಾಡಿದರೆ ಏನಾಗುತ್ತದೆಂದು ಕನ್ನಡದ ಡಿಟಿಪಿಯವರಿಗೆಲ್ಲ ಗೊತ್ತು. ಮುನ್ನೂರ ಹನ್ನೆರಡು ಪುಟಗಳ ಉದ್ದಕ್ಕೂ ಓರೆಗೆರೆ ಹೊತ್ತ ಇಂಗ್ಲಿಷ್ ಎ, ತಲೆಗೆ ಚುಕ್ಕಿ ಇಟ್ಟುಕೊಂಡ ಯು, ‘ನ’ ಇರಬೇಕಾದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ. ‘ಕನ್ನಡ’ ಎಂಬ ಪದದ ನಡುವೆಯೇ ಒಂದು ಪೌಂಡ್ ಕೂತಿರುತ್ತದೆ. ಕನ್ನಡದಲ್ಲಿ ಬರೆದು ದುಡ್ಡು ಕಂಡದ್ದು ನಾನು ಅದೊಂದೇ ಕಡೆ.

ರಾಯರು ಪರದೆಯನ್ನೇ ನೋಡಿದರು. ಒಂದು ಪುಟ, ಇನ್ನೊಂದು ಪುಟ, ಕೊನೆಯ ಪುಟ.

“ಇದನ್ನ ಓದಿ ಅತ್ತರೇ?” ಎಂದರು.

“ನಾನೂ ಅಳ್ತಿದ್ದೆ,” ಎಂದೆ.

ಐದು ಸಾವಿರ ‘ವಸೂಲಾತಿಗೆ ಬಾಕಿ’ ಎಂಬ ಶೀರ್ಷಿಕೆಯಡಿ ಅವರ ಡೈರಿ ಸೇರಿತು. ಜೇನುದನಿ ಆಮೇಲೆ ಫೋನ್ ಎತ್ತಲಿಲ್ಲ.

ಮುಂದಿನ ವಾರವೆಲ್ಲ ನಾನು ಕಡತವನ್ನು ಯೂನಿಕೋಡಿಗೆ ಬದಲಿಸಿ, ದಿಕ್ಕುತಪ್ಪಿದ ಅರ್ಕಾವತ್ತುಗಳನ್ನು ಹಿಡಿದು ತಂದು ಸ್ವಸ್ಥಾನದಲ್ಲಿ ಕೂರಿಸಿದೆ. ಬೆಂಗಳೂರಿನ ಹುಡುಗರಿಗೆ ಕಳಿಸಿದೆ; ಅವರು ಕೇಳಿದ್ದು ಅದನ್ನೇ. ಇಪಬ್ ಮಾಡಲು ಯೂನಿಕೋಡೇ ಬೇಕು. ಇಪಬ್ ಆದರೆ ಓದುವವರು ಅಕ್ಷರ ದೊಡ್ಡದು ಮಾಡಿಕೊಂಡಂತೆ ಸಾಲುಗಳು ತಾವೇ ಸರಿದು ಕೂರುತ್ತವೆ. ಬರೀ ಪಿಡಿಎಫ್ ಮಾಡಿ ಇ-ಪುಸ್ತಕ ಎಂದು ಮಾರುವವರದ್ದನ್ನು ಮೊಬೈಲಿನಲ್ಲಿ ಓದುವುದೆಂದರೆ, ಗೋಡೆಯ ಸಿನಿಮಾ ಪೋಸ್ಟರನ್ನು ಬೀಗದ ಕಿಂಡಿಯಲ್ಲಿ ನೋಡಿದ ಹಾಗೆ. ರಾಯರ ಓದುಗರಿಗೆಲ್ಲ ಅರವತ್ತು ದಾಟಿದೆ, ಕಣ್ಣಿನ ಪೊರೆ ಬೇರೆ.

ಹೇಳಿದ ಮೂರು ವಾರಕ್ಕೆ ಸರಿಯಾಗಿ ಹುಡುಗರ ಉತ್ತರ ಬಂತು. ಭಾಷೆ ಚೆನ್ನಾಗಿದೆ, ಕಚೇರಿಯ ದೃಶ್ಯಗಳು ಬಹಳ ಚೆನ್ನಾಗಿವೆ, ನಡುವಿನ ನಲವತ್ತು ಪುಟ ತೆಗೆಯಬೇಕು. ಅಲ್ಲದೆ, ಮೂರನೇ ಅಧ್ಯಾಯದಲ್ಲಿ ತೀರಿಕೊಂಡ ಶಿರಸ್ತೇದಾರರ ತಾಯಿ ಏಳನೇ ಅಧ್ಯಾಯದಲ್ಲಿ ಕಾಫಿ ತಂದುಕೊಡುತ್ತಾರೆ. ಇದು ಉದ್ದೇಶಪೂರ್ವಕವೇ? ದಯವಿಟ್ಟು ತಿಳಿಸಿ.

“ನನಗೇ ಆಕ್ಷೇಪಣೆಯೇನ್ರೀ!” ರಾಯರು ಕುರ್ಚಿಯಿಂದ ಎದ್ದರು. “ಮೀಸೆ ಬಂದಿಲ್ಲ ಸರಿಯಾಗಿ. ಕಾರಂತರಿಗೆ ಕೇಳ್ತಿದ್ದರಾ ಹೀಗೆ?” ಚಪ್ಪಲಿ ಮೆಟ್ಟಿ ಹೊರಟೇಹೋದರು. ನಾಲ್ಕು ದಿನ ಪತ್ತೆ ಇಲ್ಲ. ಸೊಪ್ಪಿನವಳು ಕೂಡ ನನ್ನನ್ನು ವಿಚಾರಿಸಿದಳು, ಯಾರೂ ಕಟ್ಟು ಬಿಚ್ಚಿಸದೆ ವ್ಯಾಪಾರ ಬೇಗ ಮುಗಿಯುತ್ತಿದೆ, ಏನೋ ಕಳೆದುಕೊಂಡ ಹಾಗಿದೆ ಎಂದು.

ಐದನೇ ದಿನ ಬೆಳಿಗ್ಗೆ ಆರಕ್ಕೆ ಗೇಟು ಕಿರ್ರೆಂದಿತು. ಮಂಕಿ ಕ್ಯಾಪಿನೊಳಗೆ ರಾಯರು. ಕೈಯಲ್ಲಿ ಉದ್ದಕ್ಕೆ ಮಡಿಚಿದ ಹಾಳೆ. ಎಡಗಡೆ ಮೇಲೆ ‘ಪ್ಯಾರಾ 41’, ಬಲಗಡೆ ಉತ್ತರಕ್ಕೆ ಬಿಟ್ಟ ಜಾಗ ಖಾಲಿ.

“ಒಳಗೆ ಬರಲ್ಲ, ಒಂದೇ ಮಾತು. ಏಳನೇ ಅಧ್ಯಾಯದಲ್ಲಿ ಕಾಫಿ ಯಾರು ತಂದರೆ ಸರಿ ಅಂತೀರಿ? ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ.”

“ಶಿರಸ್ತೇದಾರರೇ ಮಾಡಿಕೊಳ್ಳಲಿ ಬಿಡಿ.”

ರಾಯರು ಗೇಟು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು.

“1974ರಲ್ಲಾ?”